ಸಾಬು ಮೈ ಸುತ್ತ ನೀಲಿ ಗೆರೆ: ‘ದಿ ಥೀಫ್ ಆಫ್ ಬಾಗ್ದಾದ್’ ಮನೇಲಿ ಮತ್ತೆ ನೋಡೋರಿಗೆ

ಪ್ರಶ್ನೆ: ಸರ್, ನಾವು ದಾವಣಗೆರೆ ವಿದ್ಯಾನಗರದವ್ರು. ಸಣ್ಣವನಿದ್ದಾಗ ಬೇಸಿಗೆ ರಜಕ್ಕೆ ಚಿತ್ರದುರ್ಗದ ಸೋದರಮಾವನ ಮನೆಗೆ ಹೋಗ್ತಿದ್ದೆ, ಅಲ್ಲಿ ವಿಸಿಆರ್‌ನಲ್ಲಿ 1940ರ ‘ದಿ ಥೀಫ್ ಆಫ್ ಬಾಗ್ದಾದ್’ ಕನಿಷ್ಠ ಹತ್ತು ಸಲ ನೋಡಿದೀನಿ. ಈಗ ಅದರ ಡಿವಿಡಿ ಸಿಕ್ತು ಅಂತ ಖುಷಿಯಾಗಿ ತಂದು ಮನೆಯ ಹೊಸ 4ಕೆ ಟಿವಿಗೆ ಹಾಕಿದ್ರೆ ಹಾರೋ ಸೀನಲ್ಲೆಲ್ಲ ಹುಡುಗನ ಮೈ ಸುತ್ತ ನೀಲಿ ಗೆರೆ ಕಾಣ್ತಿದೆ, ಮುಖ ಮೇಣದ ಥರ, ಎಲ್ಲರೂ ಡುಮ್ಮಗೆ. ಹನ್ನೊಂದು ವರ್ಷದ ಮಗ ಕಿಸಕ್ ಅಂತ ನಕ್ಕ, ನಂಗೆ ಬೇಜಾರಾಗಿ ಆಫ್ ಮಾಡ್ದೆ. ಕವರ್ ಮೇಲೆ 106 ನಿಮಿಷ ಅಂತಿದೆ, ಪ್ಲೇಯರ್ 102 ತೋರಿಸುತ್ತೆ, ಸೀನ್ ಕತ್ತರಿಸಿದಾರಾ? ಡಿಸ್ಕ್ ಕೆಟ್ಟದ್ದಾ, ಇಲ್ಲಾ ನನ್ನ ನೆನಪೇ ಸುಳ್ಳಾ? ಎಂಟು ವರ್ಷದ ಮಗಳಿಗೂ ತೋರಿಸ್ಬೋದಾ? ಮಾವನ ಮನೆ ಅಟ್ಟದಲ್ಲಿ ಆ ಹಳೇ ಕ್ಯಾಸೆಟ್ ಇನ್ನೂ ಇದೆಯಂತೆ, ಅದನ್ನ ಏನು ಮಾಡೋದು?

ಉತ್ತರ: ಮೊದಲು ನೇರ ಉತ್ತರ ಹೇಳ್ಬಿಡ್ತೀನಿ. ಡಿಸ್ಕ್ ಎಸೀಬೇಡ್ರಿ, ಸೀನ್ ಯಾರೂ ಕತ್ತರಿಸಿಲ್ಲ, ನಿಮ್ಮ ನೆನಪೂ ಸುಳ್ಳಲ್ಲ. ಡುಮ್ಮಗೆ ಕಾಣೋದು, ಮುಖ ಮೇಣ ಆಗೋದು, ಇವೆರಡೂ ನಿಮ್ಮ ಟಿವಿ ಮಾಡ್ತಿರೋ ಕೆಲಸ, ಹತ್ತು ನಿಮಿಷದಲ್ಲಿ ಸರಿ ಆಗುತ್ತೆ. ನೀಲಿ ಗೆರೆ ಮಾತ್ರ ಹೋಗಲ್ಲ, ಯಾಕಂದ್ರೆ ಅದು ಸಿನಿಮಾದೊಳಗೇ ಐತೆ, 1940ರಿಂದಲೂ ಐತೆ, ಮತ್ತೆ ನನ್ನ ಕೇಳಿದ್ರೆ ಅದು ಹೋಗ್ಲೂಬಾರ್ದು. ಮಕ್ಕಳಿಗೆ ಖಂಡಿತ ತೋರಿಸ್ರಿ, ಇಬ್ಬರಿಗೂ. ನಾನು ಇಪ್ಪತ್ತೈದು ವರ್ಷದಿಂದ ದಾವಣಗೆರೆಯಲ್ಲಿ ಹಳೇ ಟೇಪು, ಹಳೇ ಫಿಲ್ಮು ಡಿಜಿಟಲ್ ಮಾಡೋ ಕೆಲಸದಲ್ಲಿದೀನಿ, ಈ ಸಿನಿಮಾ ಎಷ್ಟು ಸಲ ನೋಡಿದೀನೋ ಲೆಕ್ಕ ಇಟ್ಟಿಲ್ಲ, ಹಂಗಾಗಿ ಸ್ವಲ್ಪ ಉದ್ದ ಆದ್ರೂ ಪೂರ್ತಿ ಓದ್ರಿ.

ನೀಲಿ ಗೆರೆಯಿಂದ ಶುರು ಮಾಡೋಣ. 1990ರ ದಶಕದ ಕೊನೆಗೆ ನಾನು ಇಲ್ಲೇ ಒಂದು ಸ್ಟುಡಿಯೋದಲ್ಲಿ ಮದುವೆ ಕ್ಯಾಸೆಟ್ ಮಿಕ್ಸಿಂಗ್ ಕಲೀತಿದ್ದೆ. ಆಗಿನ ಮದುವೆ ಕ್ಯಾಸೆಟ್ ನೆನಪೈತಲ್ಲ, ಗುಲಾಬಿ ಹೂವಿನೊಳಗೆ ಮದುಮಗಳ ಮುಖ, ಜೋಗ್ ಫಾಲ್ಸ್ ಮುಂದೆ ಗಂಡು ಹೆಣ್ಣು ಕೈ ಕೈ ಹಿಡ್ಕೊಂಡು ನಿಂತಿರೋದು, ಅದೆಲ್ಲ ಮಾಡ್ತಿದ್ದಿದ್ದು ಗೋಡೆಗೆ ಒಂದು ನೀಲಿ ಬಟ್ಟೆ ಕಟ್ಟಿ, ಅದರ ಮುಂದೆ ಅವರನ್ನ ನಿಲ್ಸಿ, ಆಮೇಲೆ ಮಿಕ್ಸರ್‌ಗೆ ‘ಎಲ್ಲೆಲ್ಲಿ ನೀಲಿ ಐತೋ ಅಲ್ಲಿ ಫಾಲ್ಸ್ ತೋರ್ಸು’ ಅಂತ ಹೇಳೋದು, ಅಷ್ಟೇ. ಒಂದು ದಿನ ಬಂದ ಮದುಮಗಳು ನವಿಲುಗರಿ ಬಣ್ಣದ ರೇಷ್ಮೆ ಸೀರೆ ಉಟ್ಟಿದ್ಲು. ಬಟ್ಟೆ ಮುಂದೆ ನಿಲ್ಸಿ ಸ್ವಿಚ್ ಹಾಕಿದ್ರೆ ಸೀರೆ ಜಾಗ ಪೂರ್ತಿ ಮಾಯ, ಮುಖ ಐತೆ, ಕೈ ಐತೆ, ಕೆಂಪು ಅಂಚು ಐತೆ, ನಡುವೆ ಧೋ ಅಂತ ಜೋಗದ ನೀರು. ಪಕ್ಕದಲ್ಲಿ ನಿಂತಿದ್ದ ಅವರಮ್ಮ ‘ಅಯ್ಯೋ ನೀರು ಸೀರೆ ಒಳಗೇ ಹರೀತೈತಲ್ಲಪ್ಪ’ ಅಂದ್ರು. ಬಟ್ಟೆ ಬದಲಾಯಿಸಿ ಹಸಿರು ಕಟ್ಟಿ ಮತ್ತೆ ತೆಗೆದ್ವಿ. ಈ ವಿದ್ಯೆಗೆ ಕೂದಲೆಳೆ, ತೆಳು ಸೆರಗು, ಜೋರಾಗಿ ಅಲ್ಲಾಡೋ ಕೈ ಅಂದ್ರೆ ಆಗಲ್ಲ, ಅಲ್ಲೆಲ್ಲ ಹಿಂದಿನ ಬಟ್ಟೆಯ ನೀಲಿ ಸ್ವಲ್ಪ ಅಂಟ್ಕೊಂಡೇ ಬರುತ್ತೆ ಅಂತ ಆವತ್ತು ನಂಗೆ ಮನವರಿಕೆ ಆಯ್ತು.

ಈಗ ಅದೇ ಕೆಲಸವನ್ನ ಕಂಪ್ಯೂಟರ್ ಇಲ್ಲ, ಮಿಕ್ಸರ್ ಇಲ್ಲ, ಬರೀ ಫಿಲ್ಮು ಮತ್ತು ಕೆಮಿಕಲ್ಲಲ್ಲಿ ಮಾಡ್ಬೇಕು ಅಂದ್ಕೊಳ್ರಿ. ಬಣ್ಣದ ಸಿನಿಮಾದಲ್ಲಿ ಅದನ್ನ ಅಷ್ಟು ದೊಡ್ಡ ಮಟ್ಟದಲ್ಲಿ ಮಾಡಿ ತೋರಿಸಿದ್ದೇ ಈ ಸಿನಿಮಾ, ಮಾಡಿದ್ದು ಲ್ಯಾರಿ ಬಟ್ಲರ್ ಅನ್ನೋ ಮನುಷ್ಯ, ಸ್ಪೆಷಲ್ ಎಫೆಕ್ಟ್ಸ್‌ಗೆ ಆಸ್ಕರ್ ಬಂತು. ಆಗಿನ ಟೆಕ್ನಿಕಲರ್ ಕ್ಯಾಮೆರಾದೊಳಗೆ ಒಂದಲ್ಲ ಮೂರು ಫಿಲ್ಮ್ ರೀಲು ಒಟ್ಟಿಗೆ ಓಡ್ತಿದ್ವು, ಮೂರೂ ಕಪ್ಪು ಬಿಳುಪಿನವೇ, ಲೆನ್ಸ್ ಹಿಂದಿನ ಪ್ರಿಸಂ ಬೆಳಕನ್ನ ಸೀಳಿ ಒಂದಕ್ಕೆ ಕೆಂಪಿನ ಲೆಕ್ಕ, ಒಂದಕ್ಕೆ ಹಸಿರಿನ ಲೆಕ್ಕ, ಒಂದಕ್ಕೆ ನೀಲಿಯ ಲೆಕ್ಕ ಬರೆಸ್ತಿತ್ತು. ನೀಲಿ ಪರದೆ ಮುಂದೆ ಹುಡುಗ ನಿಂತ್ರೆ ನೀಲಿ ರೀಲಲ್ಲಿ ಪರದೆ ಬೆಳ್ಳಗೆ ಹೊಳೆಯುತ್ತೆ, ಕೆಂಪು ರೀಲಲ್ಲಿ ಅದೇ ಪರದೆ ಕತ್ತಲು. ಮನುಷ್ಯನ ಚರ್ಮದಲ್ಲಿ ನೀಲಿ ತುಂಬಾ ಕಮ್ಮಿ, ಅದಕ್ಕೇ ನೀಲಿ ಆರಿಸ್ಕೊಂಡಿದ್ದು. ಈ ಎರಡು ರೀಲಿನ ವ್ಯತ್ಯಾಸದಿಂದ ಹುಡುಗನ ಆಕಾರದ ಒಂದು ಕಪ್ಪು ನೆರಳು ತಯಾರಾಗುತ್ತೆ. ಆ ನೆರಳು ಇಟ್ಟು ಆಕಾಶದ ಚಿತ್ರದಲ್ಲಿ ಹುಡುಗನಷ್ಟೇ ಜಾಗ ಖಾಲಿ ಬಿಡೋದು, ಆಮೇಲೆ ಅದರ ಉಲ್ಟಾ ನೆರಳು ಇಟ್ಟು ಆ ಖಾಲಿ ಜಾಗಕ್ಕೆ ಹುಡುಗನ್ನ ತುಂಬೋದು. ಸೆಕೆಂಡಿಗೆ 24 ಫ್ರೇಮು, ಒಂದು ನಿಮಿಷ ಹಾರಾಟಕ್ಕೆ 1440 ನೆರಳು, ಅಷ್ಟೂ ಒಂದರ ಮೇಲೊಂದು ಕೂದಲೆಳೆ ಆಚೀಚೆ ಆಗ್ದಂಗೆ ಕೂರ್ಬೇಕು. ಫಿಲ್ಮು ಕೆಮಿಕಲ್ಲಲ್ಲಿ ಮುಳುಗಿ ಒಣಗಿದ ಮೇಲೆ ಒಂಚೂರು ಕುಗ್ಗುತ್ತೆ, ಅಷ್ಟು ಸಾಕು, ಅಂಚಲ್ಲಿ ಸಂದು ಬೀಳುತ್ತೆ. ಆ ಸಂದಲ್ಲಿ ಇಣುಕೋದೇ ನೀವು ನೋಡಿದ ನೀಲಿ ಗೆರೆ.

ಹಂಗಾದ್ರೆ ಚಿತ್ರದುರ್ಗದಲ್ಲಿ ನೋಡಿದಾಗ ಯಾಕೆ ಕಾಣ್ಲಿಲ್ಲ? ಟೇಪು ಮುಚ್ಚಿಟ್ಟಿತ್ತು ನೋಡ್ರಿ. ವಿಎಚ್‌ಎಸ್ ಕ್ಯಾಸೆಟ್ಟಿನ ಸ್ಪಷ್ಟತೆ ಅಡ್ಡಡ್ಡಲಾಗಿ ಸುಮಾರು 240 ಗೆರೆಯಷ್ಟೇ, ಬಣ್ಣದ ವಿವರ ಅದಕ್ಕಿಂತ ಎಷ್ಟೋ ಕಮ್ಮಿ, ಬಣ್ಣ ಅನ್ನೋದು ಅದರಲ್ಲಿ ಒದ್ದೆ ಕಾಗದದ ಮೇಲಿನ ಶಾಯಿ ಥರ ಅಕ್ಕಪಕ್ಕಕ್ಕೆ ಹರಡ್ಕೊಂಡೇ ಇರುತ್ತೆ. ಅಷ್ಟು ಸಣ್ಣ ನೀಲಿ ಗೆರೆ ಅದರಲ್ಲಿ ಕರಗಿ ಹೋಗಿರುತ್ತೆ, ಮೇಲಿಂದ ಸಣ್ಣ ಟಿವಿ ಬೇರೆ. ಡಿವಿಡಿ ಚಿತ್ರ 720ಕ್ಕೆ 576 ಚುಕ್ಕಿದು, ಟೇಪಿಗಿಂತ ಎಷ್ಟೋ ಚೊಕ್ಕ, ಅದಕ್ಕೇ ಗೆರೆ ಎದ್ದು ಬಂತು. ನೀವು ಆಗ ನೋಡಿದ್ದೂ ಇದೇ ಸಿನಿಮಾ, ಈಗ ಇನ್ನೂ ಹತ್ರದಿಂದ ನೋಡ್ತಿದೀರಿ, ಅಷ್ಟೇ ವ್ಯತ್ಯಾಸ.

ನಮ್ಮ ಸೀಮೇಲಿ ತೊಗಲುಗೊಂಬೆ ಆಟ ನೋಡಿದೀರಲ್ಲ, ಪರದೆ ಮೇಲೆ ಹನುಮಂತನ ಜೊತೆ ಅವನನ್ನ ಹಿಡಿದಿರೋ ಕಡ್ಡಿ ನೆರಳೂ ಕಾಣುತ್ತೆ, ಯಾವ ಮಗೂನೂ ಕಡ್ಡಿ ಕಾಣ್ತು ಅಂತ ಎದ್ದು ಹೋಗಿದ್ದು ನಾನು ನೋಡಿಲ್ಲ. ನಿಮ್ಮ ಮಗ ನಕ್ಕಿದ್ದು ತಪ್ಪೂ ಅಲ್ಲ, ಅವನಿಗೆ ಕಣ್ಣು ಚುರುಕು ಅಂತ ಅರ್ಥ. ಒಂದು ಕೆಲಸ ಮಾಡ್ರಿ, ಸಿನಿಮಾ ಹಾಕೋ ಮುಂಚೆ ಒಂದು ಹಳೇ ಕ್ಯಾಲೆಂಡರಿನ ಬೆಟ್ಟದ ಚಿತ್ರ, ಅವನದೇ ಒಂದು ಫೋಟೋ, ಒಂದು ಕತ್ತರಿ ಕೊಡ್ರಿ, ನಿನ್ನ ಆಕಾರ ಕತ್ತರಿಸಿ ಬೆಟ್ಟದ ಮೇಲೆ ಇಡು, ಅಂಚು ಕಾಣ್ದಂಗೆ ಇಡು ಅನ್ರಿ. ಕಿವಿ ಹತ್ರ, ಕೂದಲ ಹತ್ರ ಏನಾಗುತ್ತೆ ಅಂತ ಅವನೇ ನೋಡ್ತಾನೆ. ಆಮೇಲೆ ಇಂಥದ್ದು 1440 ಮಾಡಿದ್ರೆ ಒಂದು ನಿಮಿಷ ಅಂತ ಹೇಳ್ರಿ. ನಾನು ನನ್ನ ಅಣ್ಣನ ಮಗನ ಹತ್ರ ಹಿಂಗೇ ಮಾಡಿಸಿದ್ದೆ, ಆಮೇಲೆ ಸಿನಿಮಾ ನೋಡುವಾಗ ಅವನು ನೀಲಿ ಗೆರೆ ಕಂಡಾಗೆಲ್ಲ ಬೆರಳು ತೋರಿಸಿ ‘ಇಲ್ಲಿ ಅಂಟ್ಸಿದಾರೆ, ಇಲ್ಲಿ ಅಂಟ್ಸಿದಾರೆ’ ಅಂತಿದ್ದ, ಅರ್ಧ ಗಂಟೆ ಆದ್ಮೇಲೆ ಅದನ್ನೂ ಮರೆತು ಸುಮ್ಮನೆ ಬಾಯಿ ಬಿಟ್ಕೊಂಡು ನೋಡ್ತಿದ್ದ.

ಇನ್ನು ಟಿವಿ. ರಿಮೋಟ್ ತಗೊಂಡು ಪಿಕ್ಚರ್ ಮೋಡ್ ‘ವಿವಿಡ್’ ಅಂತಿದ್ರೆ ‘ಸಿನಿಮಾ’ ಅಥವಾ ‘ಮೂವಿ’ ಮಾಡ್ರಿ, ಮೋಷನ್ ಸ್ಮೂತಿಂಗ್ ಪೂರ್ತಿ ಆಫ್, ಶಾರ್ಪ್‌ನೆಸ್ ಸೊನ್ನೆ ಹತ್ರ, ನಾಯ್ಸ್ ರಿಡಕ್ಷನ್ ಆಫ್. ಹೆಸರು ಒಂದೊಂದು ಕಂಪನಿದು ಒಂದೊಂದು ಥರ ಇರುತ್ತೆ, ಹುಡುಕಿದ್ರೆ ಸಿಗುತ್ತೆ. ಮೇಣದ ಮುಖ ಬರೋದು ನಾಯ್ಸ್ ರಿಡಕ್ಷನ್‌ನಿಂದ, ಫಿಲ್ಮಿನ ಸಹಜ ಮರಳು ಮರಳು ಕಣವನ್ನ ಟಿವಿ ಧೂಳು ಅಂದ್ಕೊಂಡು ಒರೆಸುತ್ತೆ, ಜೊತೆಗೆ ಚರ್ಮದ ವಿವರಾನೂ ಒರೆಸಿ ಹಾಕುತ್ತೆ. ಡಿಸ್ಕ್ ಕೊಡೋ ಒಂದು ಚುಕ್ಕಿ ಜಾಗಕ್ಕೆ ನಿಮ್ಮ 4ಕೆ ಟಿವಿ ಈ ಸಿನಿಮಾ ಕೂರೋ ಜಾಗದಲ್ಲಿ ಸುಮಾರು ಹದಿನೈದು ಚುಕ್ಕಿ ತುಂಬ್ಬೇಕು, ಉಳಿದಿದ್ದು ಅದರ ಊಹೆ, ಶಾರ್ಪ್‌ನೆಸ್ ಜಾಸ್ತಿ ಇಟ್ಟಷ್ಟೂ ಆ ಊಹೆ ನೀಲಿ ಗೆರೆಯನ್ನೇ ತಿದ್ದಿ ತೀಡಿ ದಪ್ಪ ಮಾಡುತ್ತೆ. ಹಂಗಾಗಿ ಇವನ್ನೆಲ್ಲ ಆಫ್ ಮಾಡಿದ್ರೆ ಗೆರೆ ಹೋಗದಿದ್ರೂ ತೆಳ್ಳಗಾಗುತ್ತೆ.

ಡುಮ್ಮಗೆ ಕಾಣೋದಕ್ಕೆ ಕಾರಣ ಅಗಲ. ಈ ಸಿನಿಮಾದ ಚೌಕಟ್ಟು 1.37ಕ್ಕೆ 1, ಹತ್ತಿರ ಹತ್ತಿರ ಹಳೇ ಟಿವಿ ಆಕಾರ, ನಿಮ್ಮ ಟಿವಿ 16ಕ್ಕೆ 9. ಆಸ್ಪೆಕ್ಟ್‌ನ ‘4:3’ ಅಥವಾ ‘ಒರಿಜಿನಲ್’ ಮಾಡ್ರಿ, ಎರಡೂ ಪಕ್ಕ ಕಪ್ಪು ಪಟ್ಟಿ ಬರುತ್ತೆ, ಬರ್ಲಿ. ಮನೆಯವ್ರು ಯಾರಾದ್ರೂ ‘ಅಷ್ಟು ದುಡ್ಡು ಕೊಟ್ಟು ತಂದ ಟಿವಿಲಿ ಜಾಗ ಯಾಕೆ ಖಾಲಿ’ ಅಂತ ಜೂಮ್ ಒತ್ತಿದ್ರೆ ಮೇಲೆ ಕೆಳಗೆ ಸೇರಿ ಕಾಲು ಭಾಗದ ಹತ್ರ ಚಿತ್ರ ಕತ್ತರಿಸಿ ಹೋಗುತ್ತೆ, ಅದೂ ಈ ಸಿನಿಮಾದಲ್ಲಿ! ಆಕಾಶದೆತ್ತರದ ಭೂತದ ತಲೆ ಮತ್ತು ಅವನ ಕಾಲ ಹತ್ರ ನಿಂತಿರೋ ಹುಡುಗ, ಇಬ್ಬರೂ ಒಟ್ಟಿಗೆ ಕಂಡ್ರೇ ತಾನೆ ಅದರ ಗಮ್ಮತ್ತು.

102 ನಿಮಿಷದ ವಿಷಯ ಸುಲಭ. ಫಿಲ್ಮು ಸೆಕೆಂಡಿಗೆ 24 ಫ್ರೇಮ್ ಓಡುತ್ತೆ, ನಮ್ಮ ದೇಶದ ಟಿವಿಯ ಪಾಲ್ ಅನ್ನೋ ಪದ್ಧತಿ ಸೆಕೆಂಡಿಗೆ 25, ಹಂಗಾಗಿ ಪಾಲ್ ಡಿಸ್ಕಲ್ಲಿ ಸಿನಿಮಾ ನೂರಕ್ಕೆ ನಾಲ್ಕರಷ್ಟು ಬೇಗ ಓಡಿ 106 ನಿಮಿಷ 102ಕ್ಕೆ ಮುಗಿಯುತ್ತೆ. ಮಿಕ್ಲೋಷ್ ರೋಜಾ ಅವರ ಸಂಗೀತ ಅದರಿಂದ ಒಂದು ಚೂರು ಏರಿದ ಸ್ವರದಲ್ಲಿ ಕೇಳುತ್ತೆ, ಸಂಗೀತ ಗೊತ್ತಿರೋರಿಗೆ ಬಿಟ್ರೆ ಯಾರಿಗೂ ತಿಳಿಯಲ್ಲ. ಬೇರೆ ಕಾಪಿ ಬೇಕೇ ಬೇಕು ಅಂದ್ರೆ ಕ್ರೈಟೀರಿಯನ್ ಅನ್ನೋ ಅಮೆರಿಕದ ಕಂಪನಿಯವರು 2008ರಲ್ಲಿ ತಂದ ಎರಡು ಡಿಸ್ಕಿನ ಡಿವಿಡಿ ಚೆನ್ನಾಗೈತೆ, ಅದರಲ್ಲಿ ಫ್ರಾನ್ಸಿಸ್ ಫೋರ್ಡ್ ಕೊಪ್ಪೊಲಾ ಮತ್ತು ಮಾರ್ಟಿನ್ ಸ್ಕೊರ್ಸೆಸೆ ಸಿನಿಮಾ ಉದ್ದಕ್ಕೂ ಮಾತಾಡಿರೋ ಟ್ರ್ಯಾಕೂ ಐತೆ, ಆದ್ರೆ ಡಿಸ್ಕಿಗೆ ಒಂದೊಂದು ಸೀಮೆಗೆ ಒಂದೊಂದು ಬೀಗ ಹಾಕಿರ್ತಾರೆ, ಅದಕ್ಕೆ ರೀಜನ್ ಅಂತಾರೆ, ಇದು ರೀಜನ್ 1, ನಮ್ಮ ಪ್ಲೇಯರ್‌ಗಳು ರೀಜನ್ 5, ನಿಮ್ಮದು ಎಲ್ಲ ರೀಜನ್ ಓದುತ್ತಾ ಅಂತ ನೋಡ್ಕೊಂಡೇ ತರ್ಸ್ರಿ.

ಸೆಟ್ಟಿಂಗ್ ಅಷ್ಟು ಸಾಕು. ನಾನು ನಿಜವಾಗಿ ಹೇಳ್ಬೇಕು ಅಂತಿರೋದು ಆ ಗೆರೆಯೊಳಗೆ ಇರೋ ಹುಡುಗನ ಬಗ್ಗೆ.

ಅವನು ಸಾಬು. ನಮ್ಮ ಮೈಸೂರು ಸೀಮೆಯವನು, 1924ರಲ್ಲಿ ಕಾರಾಪುರದಲ್ಲಿ ಹುಟ್ಟಿದೋನು, ಅಂದ್ರೆ ಈಗಿನ ಎಚ್.ಡಿ. ಕೋಟೆ ಕಡೆ, ಕಬಿನಿ ಕಾಡಂಚು. ಅಪ್ಪ ಮಾವುತ. ಅಪ್ಪ ತೀರ್ಕೊಂಡ ಮೇಲೆ ಹುಡುಗ ಮಹಾರಾಜರ ಆನೆ ಲಾಯದಲ್ಲಿ ಇದ್ದ. 1930ರ ದಶಕದ ನಡುವೆ ರಾಬರ್ಟ್ ಫ್ಲಾಹರ್ಟಿ ಅನ್ನೋ ಡೈರೆಕ್ಟರು ಕಿಪ್ಲಿಂಗ್ ಕತೆ ಆಧರಿಸಿ ಆನೆ ಮತ್ತು ಹುಡುಗನ ಸಿನಿಮಾ ಮಾಡೋಕೆ ಮೈಸೂರಿಗೆ ಬಂದ್ರು, ಅವರ ತಂಡದ ಕಣ್ಣಿಗೆ ಇವನು ಬಿದ್ದ. ‘ಎಲಿಫೆಂಟ್ ಬಾಯ್’ 1937ರಲ್ಲಿ ಬಂತು, ಹುಡುಗನಿಗೆ ಆಗ ಹದಿಮೂರು. ಅಲ್ಲಿಂದ ಇಂಗ್ಲೆಂಡಿಗೆ, ಅಲೆಕ್ಸಾಂಡರ್ ಕೊರ್ಡಾ ಅವರ ಕಂಪನಿಗೆ. ಬಾಗ್ದಾದಿನ ಕಳ್ಳ ಅಬು ಆಗಿ ನಟಿಸುವಾಗ ಹದಿನೈದು ಹದಿನಾರು ವರ್ಷ. ನೀವು ಹತ್ತು ಸಲ ನೋಡಿದೀರಿ ಅಂದ್ರಲ್ಲ, ಈ ಸಲ ನೋಡುವಾಗ ಅವನ ಕಾಲು ನೋಡ್ರಿ. ಬರಿಗಾಲಲ್ಲಿ ಓಡೋದು, ಗೋಡೆ ಏರೋದು, ಮಾಡಿಂದ ಮಾಡಿಗೆ ಹಾರೋದು, ಯಾವುದೂ ಸ್ಟುಡಿಯೋದಲ್ಲಿ ಕಲ್ತ ಹಂಗೆ ಕಾಣಲ್ಲ. ಆನೆ ಮೇಲೆ ಹತ್ತಿ ಇಳಿದು ಬೆಳೆದ ಮಕ್ಕಳಿಗೆ ಬರೋ ಆ ಸಲೀಸು ಐತಲ್ಲ, ಹಿಮ್ಮಡಿ ಊರೋ ಮುಂಚೆ ಬೆರಳು ಊರೋದು, ಅದು ಅವನ ಪ್ರತಿ ಓಟದಲ್ಲೂ ಐತೆ. ರಾಜ ಅಹಮದ್ ಪಾತ್ರದ ಜಾನ್ ಜಸ್ಟಿನ್ ಚೆಲುವ, ರಾಜಕುಮಾರಿ ಜೂನ್ ಡುಪ್ರೇ ಚೆಲುವೆ, ಆದ್ರೆ ಅವರಿಬ್ಬರ ಪ್ರೇಮದ ಸೀನ್ ಬಂದಾಗ ಸಿನಿಮಾ ಸ್ವಲ್ಪ ಕೂತ್ಕೊಳ್ಳುತ್ತೆ, ಸಾಬು ಬಂದ ತಕ್ಷಣ ಎದ್ದು ಓಡುತ್ತೆ. ನನ್ನ ಮಟ್ಟಿಗೆ ಇದು ಅವನೊಬ್ಬನ ಸಿನಿಮಾ.

ಮುಂದೆ ಅವನು 1942ರಲ್ಲಿ ‘ಜಂಗಲ್ ಬುಕ್’ನಲ್ಲಿ ಮೌಗ್ಲಿ ಆದ, 1944ರಲ್ಲಿ ಅಮೆರಿಕದ ಪೌರತ್ವ ತಗೊಂಡ, ಅಲ್ಲಿನ ವಾಯುಪಡೆಯಲ್ಲಿ ಬಾಂಬರ್ ವಿಮಾನದ ಗನ್ನರ್ ಆಗಿ ಯುದ್ಧ ಮಾಡಿ ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್ ಅನ್ನೋ ಶೌರ್ಯ ಪದಕ ಪಡೆದ. 1963ರಲ್ಲಿ, ಇನ್ನೂ 39 ವರ್ಷಕ್ಕೆ, ಹೃದಯಾಘಾತದಿಂದ ಹೋಗ್ಬಿಟ್ಟ. ಮೈಸೂರು ಕಡೆಯವರಿಗೇ ಎಷ್ಟೋ ಜನಕ್ಕೆ ಇವನ ಹೆಸರು ಗೊತ್ತಿಲ್ಲ, ಅದು ನಂಗೆ ಪ್ರತಿ ಸಲ ಸಂಕಟ ಕೊಡುತ್ತೆ. ಮಕ್ಕಳಿಗೆ ಸಿನಿಮಾ ಹಾಕೋ ಮುಂಚೆ ಇದೊಂದು ಮಾತು ಹೇಳ್ರಿ, ಈ ಹುಡುಗ ನಮ್ಮ ರಾಜ್ಯದವನು, ಮಾವುತನ ಮಗ ಅಂತ. ಮ್ಯಾಪ್‌ನಲ್ಲಿ ಕಾರಾಪುರ ತೋರಿಸ್ರಿ. ಸಿನಿಮಾ ನೋಡೋ ರೀತಿನೇ ಬದಲಾಗುತ್ತೆ.

ತೆಗೆದ ಕತೆನೂ ಒಂದು ಸಾಹಸವೇ. ಡೈರೆಕ್ಟರ್ ಅಂತ ಹೆಸರು ಹಾಕಿರೋದು ಮೂರು ಜನರದ್ದು, ಲುಡ್ವಿಗ್ ಬರ್ಗರ್, ಮೈಕೆಲ್ ಪೊವೆಲ್, ಟಿಮ್ ವೇಲನ್, ಹೆಸರಿಲ್ಲದೆ ಕೈ ಹಾಕಿದೋರು ಇನ್ನೂ ಇದ್ರು. ಇಂಗ್ಲೆಂಡಿನ ಡೆನ್‌ಹ್ಯಾಮ್ ಸ್ಟುಡಿಯೋದಲ್ಲಿ ಕೆಲಸ ನಡೀತಿದ್ದಾಗಲೇ 1939ರ ಸೆಪ್ಟೆಂಬರಲ್ಲಿ ಮಹಾಯುದ್ಧ ಶುರುವಾಯ್ತು, ಉಳಿದದ್ದನ್ನ ಅಮೆರಿಕಕ್ಕೆ ಹೋಗಿ ಮುಗಿಸಿದ್ರು. ಭೂತದ ಜೊತೆಗಿನ ಆ ಬಂಡೆ ಕಣಿವೆಯ ಸೀನ್ ಬರುತ್ತಲ್ಲ, ಅದು ಗ್ರ್ಯಾಂಡ್ ಕ್ಯಾನ್ಯನ್. ಖಳ ಜಾಫರ್ ಆಗಿರೋ ಕಾನ್ರಾಡ್ ವೈಡ್ಟ್ ಜರ್ಮನಿಯ ದೊಡ್ಡ ನಟ, ಹೆಂಡತಿ ಯಹೂದಿ, ಹಿಟ್ಲರ್ ಬಂದ ಮೇಲೆ ದೇಶ ಬಿಟ್ಟು ಬಂದೋನು. ಅವನ ಕಣ್ಣ ಮೇಲೆ ಮಾತ್ರ ಬೆಳಕು ಬಿಟ್ಟು ಉಳಿದ ಮುಖ ನೆರಳಲ್ಲಿ ಇಡ್ತಾರೆ, ಆ ಶಾಟ್‌ಗಳನ್ನ ಟಿವಿಯ ವಿವಿಡ್ ಮೋಡು ಕೊಲ್ಲುತ್ತೆ, ನೆರಳೆಲ್ಲ ಬೂದಿ ಬಣ್ಣ ಆಗುತ್ತೆ, ಅದಕ್ಕೇ ಅಷ್ಟು ಒತ್ತಿ ಹೇಳಿದ್ದು. ಕ್ಯಾಮೆರಾ ಕೆಲಸ ಮಾಡಿದ ಜಾರ್ಜ್ ಪೆರಿನಾಲ್ ಅವರಿಗೂ, ಸೆಟ್ ಮಾಡಿದ ವಿನ್ಸೆಂಟ್ ಕೊರ್ಡಾ ಅವರಿಗೂ ಆಸ್ಕರ್ ಬಂತು, ಬಟ್ಲರ್ ಅವರದ್ದೂ ಸೇರಿ ಮೂರು.

ಒಂದು ಕಡೆ ಪಾಸ್ ಒತ್ತಿ ನೋಡ್ಲೇಬೇಕು, ಬಾಗ್ದಾದ್ ಊರು ದೂರದಿಂದ ಕಾಣೋ ಶಾಟು. ಕೆಳಗೆ ಜನ ಓಡಾಡ್ತಾರೆ, ಆದ್ರೆ ಮೇಲಿನ ನೀಲಿ ಗುಮ್ಮಟ, ಮಿನಾರು, ಮೋಡ ಇವೆಷ್ಟೋ ಕಡೆ ಪೇಂಟಿಂಗ್. ಪರ್ಸಿ ಡೇ ಅನ್ನೋ ಹಿರಿಯ ಕಲಾವಿದ ಕುಂಚದಲ್ಲಿ ಬರೆದ ಊರನ್ನ ನಿಜವಾದ ಸೆಟ್ಟಿನ ಚಿತ್ರಕ್ಕೆ ಜೋಡಿಸಿದಾರೆ. ಗೋಡೆ ಎಲ್ಲಿ ಮುಗಿಯಿತು, ಕುಂಚ ಎಲ್ಲಿ ಶುರುವಾಯ್ತು ಅಂತ ಹುಡುಕೋಕೆ ಹೋದ್ರೆ ಅರ್ಧ ಗಂಟೆ ಕೂತ್ರೂ ಸಾಲಲ್ಲ, ನಿಮ್ಮ ಮಗನಿಗೆ ಆ ಕೆಲಸ ಕೊಡ್ರಿ.

ಭೂತದ ಸೀನಿಗೆ ಬರ್ತೀನಿ, ಇಡೀ ಸಿನಿಮಾದ ಜೀವ ಅಲ್ಲೇ ಐತೆ. ಸಮುದ್ರದ ದಂಡೇಲಿ ಅಬು ಒಬ್ಬನೇ, ಒಂದು ಬಾಟ್ಲಿ ಸಿಗುತ್ತೆ, ಮುಚ್ಚಳ ತೆಗೀತಾನೆ, ಕಪ್ಪು ಹೊಗೆ, ಹೊಗೆಯೊಳಗಿಂದ ಬೆಟ್ಟದಂಥ ಮನುಷ್ಯ. ಒಂದು ಶಾಟಲ್ಲಿ ಭೂತದ ಪಾದ ಮಾತ್ರ, ಆ ಪಾದದ ಪಕ್ಕ ಹುಡುಗ. ಮಾವನ ಮನೆಗೆ ಹೋದಾಗ ದುರ್ಗದ ಕೋಟೆ ಹತ್ತಿರ್ತೀರಲ್ಲ, ಒಳಗೆ ಹೋದ ಮೇಲೆ ಬಂಡೆಗಳು ತಲೆ ಮೇಲೆ ಬಂದಂಗೆ ನಿಂತಿರ್ತವಲ್ಲ, ಬುಡದಲ್ಲಿ ನಿಂತು ಮೇಲೆ ನೋಡಿದ್ರೆ ಕತ್ತು ನೋವು ಬರೋವರೆಗೂ ಕಲ್ಲೇ ಕಲ್ಲು, ನಂಗೆ ಆ ಶಾಟ್ ಬಂದಾಗೆಲ್ಲ ಹಿಡಿಂಬೇಶ್ವರ ಗುಡಿ ಹತ್ರದ ಬಂಡೆ ನೆನಪಾಗುತ್ತೆ. ಅಷ್ಟು ದೊಡ್ಡದರ ಮುಂದೆ ಹುಡುಗ ಹೆದರಲ್ಲ, ಯೋಚನೆ ಮಾಡ್ತಾನೆ, ಇಷ್ಟು ದೊಡ್ಡೋನು ಇಷ್ಟು ಸಣ್ಣ ಬಾಟ್ಲಿಲಿ ಇದ್ದೆ ಅಂದ್ರೆ ನಾನು ನಂಬಲ್ಲ ಅಂತ ಕೆಣಕಿ ಮತ್ತೆ ಬಾಟ್ಲಿ ಒಳಗೆ ಹೋಗಿಸಿ ಮುಚ್ಚಳ ಹಾಕ್ತಾನೆ. ನಮ್ಮಜ್ಜಿ ಕತೆಗಳಲ್ಲಿ ರಾಕ್ಷಸನ್ನ ಗೆಲ್ಲೋ ಹುಡುಗ್ರು ಹಿಂಗೇ ಅಲ್ವಾ ಗೆಲ್ಲೋದು. ಮೂರು ವರ ಕೊಡ್ತೀನಿ ಅಂದ ಮೇಲೆ ಮೊದಲನೇ ವರಕ್ಕೆ ಏನು ಕೇಳ್ತಾನೆ ಗೊತ್ತಲ್ಲ, ಹಸಿವಾಗಿರುತ್ತೆ, ಅಮ್ಮ ಮಾಡೋ ಥರ ಹುರಿದ ಸಾಸೇಜ್ ಕೇಳ್ತಾನೆ! ರಾಜ್ಯ ಅಲ್ಲ, ಚಿನ್ನ ಅಲ್ಲ. ಅಪ್ಪ ಇಲ್ಲದೆ ಬೆಳೆದ ಹುಡುಗನ ಬಾಯಲ್ಲಿ ಆ ಮಾತು ಕೇಳಿದಾಗ ನಂಗೆ ಈಗಲೂ ಗಂಟಲು ಕಟ್ಟುತ್ತೆ.

ಭೂತ ಆಗಿರೋದು ರೆಕ್ಸ್ ಇಂಗ್ರಾಮ್, ಕಪ್ಪು ಜನಾಂಗದ ಅಮೆರಿಕನ್ ನಟ. ಮೂರನೇ ವರ ಮುಗಿದ ಕೂಡ್ಲೇ ಅವನು ಬಿಡುಗಡೆ ಆದ ಖುಷೀಲಿ ಕಣಿವೆ ನಡುಗೋ ಹಂಗೆ ನಕ್ಕು ಹಾರಿ ಹೋಗ್ತಾನೆ, ಹುಡುಗನನ್ನ ಅಲ್ಲೇ ಬಿಟ್ಟು. ಸಣ್ಣವನಿದ್ದಾಗ ನಂಗೆ ಅವನ ಮೇಲೆ ಸಿಟ್ಟು ಬಂದಿತ್ತು. ಆಮೇಲೆ, ಅಷ್ಟು ಕಾಲ ಬಾಟ್ಲಿಲಿ ಗುಲಾಮ ಆಗಿದ್ದೋನಿಗೆ ಬಿಡುಗಡೆ ಅಂದ್ರೆ ಏನು ಅಂತ ಯೋಚನೆ ಬಂತು, 1940ರಲ್ಲಿ ಆ ನಗು ನಕ್ಕೋನು ಒಬ್ಬ ಕಪ್ಪು ಮನುಷ್ಯ ಅನ್ನೋದೂ ಗೊತ್ತಾಯ್ತು. ಮಗ ದೊಡ್ಡೋನಲ್ವಾ, ಅವನ ಹತ್ರ ಇದನ್ನ ಮಾತಾಡ್ಬೋದು. ಹಂಗೇ ಇನ್ನೊಂದು ವಿಷಯ, ಗುಡಿ, ದೇವಿ ವಿಗ್ರಹ, ಹಲವು ಕೈಯ ಬೆಳ್ಳಿ ಗೊಂಬೆ ಇವೆಲ್ಲ ಬಾಗ್ದಾದೂ ಅಲ್ಲ ಇಂಡಿಯಾನೂ ಅಲ್ಲ, ಯುರೋಪಿನವ್ರು ಕೂತು ಕಲ್ಪಿಸ್ಕೊಂಡ ‘ಪೂರ್ವ ದೇಶ’. ಮುಖ್ಯ ಪಾತ್ರಗಳಲ್ಲಿ ಆ ಪೂರ್ವ ದೇಶದೋನು ಅಂತ ಇರೋದು ಸಾಬು ಒಬ್ಬನೇ. ಇದನ್ನ ಮುಚ್ಚಿಡೋದು ಬೇಡ, ಹೇಳಿ ತೋರಿಸ್ರಿ, ಮಕ್ಕಳು ಅರ್ಥ ಮಾಡ್ಕೋತಾರೆ.

ಮಗಳ ವಿಷಯ. ಎಂಟು ವರ್ಷಕ್ಕೆ ಹೆದರಿಕೆ ಆಗ್ಬೋದಾದ ಜಾಗ ಎರಡು. ಆ ಬೆಳ್ಳಿ ಗೊಂಬೆ ಸುಲ್ತಾನನನ್ನ ತಬ್ಬಿಕೊಂಡು ಬೆನ್ನಿಗೆ ಚೂರಿ ಹಾಕುತ್ತೆ, ರಕ್ತ ಗಿಕ್ತ ತೋರಿಸಲ್ಲ ಆದ್ರೂ ತಟಕ್ಕನೆ ಬರುತ್ತೆ. ಇನ್ನೊಂದು ದೊಡ್ಡ ಜೇಡ, ವಿಗ್ರಹದೊಳಗೆ ಬಲೆ ಹತ್ತೋ ಸೀನು, ಅದು ಉದ್ದ ಐತೆ. ಆವಾಗ ಪಕ್ಕದಲ್ಲಿ ಕೂತಿರ್ರಿ, ಸಾಕು. ಶುರುವಲ್ಲಿ ಕತೆ ಹಿಂದೆ ಮುಂದೆ ಹೋಗುತ್ತೆ, ಕುರುಡ ಭಿಕ್ಷುಕ ಮತ್ತು ಅವನ ನಾಯಿಯಿಂದ ಶುರುವಾಗಿ ಆಮೇಲೆ ಅವರು ಯಾರು ಅಂತ ತಿಳಿಯುತ್ತೆ, ಸಣ್ಣ ಮಕ್ಕಳಿಗೆ ಅಲ್ಲಿ ಗೊಂದಲ, ನೀವೇ ಕನ್ನಡದಲ್ಲಿ ಹೇಳ್ತಾ ಹೋಗ್ರಿ. ಆ ನಾಯಿನೇ ಅಬು ಅಂತ ಮುಂಚೆ ಮಾತ್ರ ಹೇಳ್ಬೇಡ್ರಿ! ಅವಳಿಗೆ ಒಂದು ಆಟ ಕೊಡ್ರಿ, ಸಿನಿಮಾದಲ್ಲಿ ಎಷ್ಟು ಕಡೆ ಕಣ್ಣು ಬರುತ್ತೆ ಎಣಿಸು ಅಂತ. ಹಡಗಿನ ಮೇಲೆ ಬರೆದ ಕಣ್ಣು, ಕುರುಡಾದ ರಾಜನ ಕಣ್ಣು, ಜಾಫರ್ ಕಣ್ಣು, ಎಲ್ಲ ಕಾಣೋ ದೇವಿಯ ಹಣೆಗಣ್ಣು. 1992ರ ಡಿಸ್ನಿ ‘ಅಲ್ಲಾದ್ದೀನ್’ ಮಕ್ಕಳು ನೋಡಿದ್ರೆ ಅಲ್ಲಿಯ ಜಾಫರ್, ಅಬು ಅನ್ನೋ ಕೋತಿ, ಆಟಿಕೆ ಅಂದ್ರೆ ಪ್ರಾಣ ಬಿಡೋ ಸುಲ್ತಾನ, ಎಲ್ಲ ಇಲ್ಲಿ ಐವತ್ತು ವರ್ಷ ಮುಂಚೆನೇ ಇದ್ದಾರೆ ಅಂತ ಅವರೇ ಕಂಡು ಹಿಡೀತಾರೆ. ಇಂಟರ್ವಲ್ ಬೇಕು ಅಂದ್ರೆ ಬಿರುಗಾಳಿಗೆ ದೋಣಿ ಒಡೆದು ಗೆಳೆಯರಿಬ್ಬರೂ ಬೇರೆ ಆಗ್ತಾರಲ್ಲ, ಅಲ್ಲಿ ನಿಲ್ಸಿ ಮಂಡಕ್ಕಿ ಮಿರ್ಚಿ ಕೊಡ್ರಿ, ವಾಪಸ್ ಬಂದ ತಕ್ಷಣ ಬಾಟ್ಲಿ ಸಿಗುತ್ತೆ. ಟ್ಯೂಬ್‌ಲೈಟ್ ಆರಿಸಿಯೇ ನೋಡ್ರಿ.

ಕೊನೇದಾಗಿ ಅಟ್ಟದ ಕ್ಯಾಸೆಟ್ಟು. ತಂದ ತಕ್ಷಣ ಯಾವುದಾದ್ರೂ ಹಳೇ ವಿಸಿಆರ್‌ಗೆ ತುರುಕ್ಬೇಡ್ರಿ. ಮುಂದಿನ ಮುಚ್ಚಳ ಎತ್ತಿ ಬೆಳಕಿಗೆ ಹಿಡಿದು ನೋಡ್ರಿ, ಟೇಪಿನ ಅಂಚಲ್ಲಿ ಬಿಳಿ ಪುಡಿ ಪುಡಿ ಕಂಡ್ರೆ ಅದು ಬೂಸ್ಟು, ಓಡಿಸಿದ್ರೆ ವಿಸಿಆರ್ ಹೆಡ್ಡೂ ಹಾಳು ಟೇಪೂ ಹರಿಯುತ್ತೆ, ಒಣ ಜಾಗದಲ್ಲಿ ನೆಟ್ಟಗೆ ನಿಲ್ಸಿ ಇಟ್ಟು ಕ್ಲೀನ್ ಮಾಡೋಕೆ ಬರೋರ ಕೈಲೇ ಕೊಡ್ಬೇಕು. ಸಿನಿಮಾಗೋಸ್ಕರ ಅದನ್ನ ಉಳಿಸ್ಬೇಕಾಗಿಲ್ಲ, ಡಿಸ್ಕಲ್ಲಿ ಚೆನ್ನಾಗೇ ಐತೆ. ಆದ್ರೆ ಆಗೆಲ್ಲ ಹೆಚ್ಚಾಗಿ ಸಿಗ್ತಿದ್ದಿದ್ದು 180 ನಿಮಿಷದ ಕ್ಯಾಸೆಟ್ಟು, ಇದು ಎರಡು ಗಂಟೆ ಒಳಗೇ ಮುಗಿಯುತ್ತೆ, ಉಳಿದ ಒಂದು ಗಂಟೆ ಜಾಗವನ್ನ ಜನ ಖಾಲಿ ಬಿಡ್ತಿರ್ಲಿಲ್ಲ. ನನ್ನ ಹತ್ರ ಬಂದ ಸಿನಿಮಾ ಕ್ಯಾಸೆಟ್ಟುಗಳ ಬಾಲದಲ್ಲಿ ನಾಮಕರಣ ಸಿಕ್ಕೈತೆ, ದುರ್ಗದ ಕೋಟೆ ಮೇಲೆ ತೆಗೆದ ಪಿಕ್ನಿಕ್ ಸಿಕ್ಕೈತೆ, ತೀರ್ಕೊಂಡ ಅಜ್ಜ ಹಜಾರದಲ್ಲಿ ಅಡಿಕೆ ಕತ್ತರಿಸ್ತಾ ಕೂತಿರೋ ನಾಲ್ಕು ನಿಮಿಷ ಸಿಕ್ಕೈತೆ. ನಿಮ್ಮ ಮಾವನ್ನ ಕೇಳ್ರಿ, ಅವರಿಗೆ ನೆನಪಿಲ್ಲ ಅಂದ್ರೂ ಟೇಪಿನ ಕೊನೆವರೆಗೂ ಓಡಿಸಿ ನೋಡಿದ ಮೇಲೇನೇ ಅದನ್ನ ಏನು ಮಾಡೋದು ಅಂತ ತೀರ್ಮಾನ ಮಾಡ್ರಿ.